ಟರ್ಬೊ ಕಾರಿನ ಬೂಸ್ಟ್ ಎಲ್ಲಿ ಸೋರುತ್ತಿದೆ? ಬ್ಲೋ-ಆಫ್ ವಾಲ್ವ್‌ನಿಂದ ವೇಸ್ಟ್‌ಗೇಟ್‌ವರೆಗೆ ಹಂತ ಹಂತದ ಪರೀಕ್ಷೆ

ಟರ್ಬೊ ಪೆಟ್ರೋಲ್ ಕಾರು ಇದ್ದಕ್ಕಿದ್ದಂತೆ ಮಂಕಾದರೆ "ಟರ್ಬೊ ಹೋಗಿದೆ ಸರ್" ಎನ್ನುವ ಮಾತು ಗ್ಯಾರೇಜಿನಲ್ಲಿ ಬಲು ಬೇಗ ಬರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಹೊಸ ಸದ್ದೇನಾದರೂ ಕೇಳಿಸಿದರೆ ಆರೋಪ ಬ್ಲೋ-ಆಫ್ ವಾಲ್ವ್ ಮೇಲೆ. ಎರಡೂ ನಿಜವಿರಬಹುದು. ಆದರೆ ಒಂದು ರಬ್ಬರ್ ಹೋಸ್ ಬಿರುಕು ಬಿಟ್ಟರೂ ಇದೇ ಲಕ್ಷಣ, ಕ್ಲಿಪ್ ಸಡಿಲಾದರೂ ಇದೇ ಲಕ್ಷಣ. ಹಾಗಾಗಿ ಬಿಡಿಭಾಗ ಕೊಳ್ಳುವ ಮೊದಲು ಒಂದು ಸಂಗತಿ ಇತ್ಯರ್ಥವಾಗಬೇಕು: ಟರ್ಬೊ (ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುರುಕುವ ಪಂಪ್) ಬೂಸ್ಟ್ ಎನ್ನುವ ಗಾಳಿಯ ಒತ್ತಡವನ್ನು ಹುಟ್ಟಿಸುತ್ತಲೇ ಇಲ್ಲವೇ, ಅಥವಾ ಹುಟ್ಟಿದ ಒತ್ತಡ ಎಂಜಿನ್ ಮುಟ್ಟುವಷ್ಟರಲ್ಲಿ ಸೋರಿಹೋಗುತ್ತಿದೆಯೇ? ಕೆಳಗಿನ ಪರೀಕ್ಷೆಗಳೆಲ್ಲ ಇರುವುದು ಇದಕ್ಕೇ. ಖರ್ಚಿಲ್ಲದ್ದು ಮೊದಲು, ದುಬಾರಿಯದು ಕೊನೆಗೆ.

ಉದಾಹರಣೆಗೆ ಬೇಕಾದಲ್ಲೆಲ್ಲ ಫೋಕ್ಸ್‌ವ್ಯಾಗನ್ ಬಳಗದ 1.8 ಟಿಎಸ್ಐ ಎಂಜಿನ್ ಇಟ್ಟುಕೊಂಡಿದ್ದೇನೆ. ಸ್ಕೋಡಾ ಲಾರಾ, ಸೂಪರ್ಬ್, ಆಕ್ಟೇವಿಯಾಗಳಲ್ಲಿ ಬಂದ ಈ ಎಂಜಿನ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದಿಗೂ ಕೈ ಬದಲಾಯಿಸುತ್ತಿದೆ, ಜೊತೆಗೆ ಅದರ ಕಾಯಿಲೆಗಳೂ. ತತ್ವ ಮಾತ್ರ ಎಲ್ಲ ಟರ್ಬೊ ಪೆಟ್ರೋಲ್ ಕಾರುಗಳಿಗೂ ಒಂದೇ.

ವಾಲ್ವ್ ಯಾಕೆ ಬೇಕು

ನೀವು ಪೂರ್ತಿ ಆಕ್ಸಿಲರೇಟರ್ ಒತ್ತಿ ಹೋಗುತ್ತಿದ್ದೀರಿ, ಗೇರ್ ಬದಲಿಸಲು ಕಾಲು ಎತ್ತುತ್ತೀರಿ. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಪಟ್ ಎಂದು ಮುಚ್ಚಿಕೊಳ್ಳುತ್ತದೆ. ಆದರೆ ಟರ್ಬೊ ಇನ್ನೂ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಾ ಗಾಳಿ ತುಂಬುತ್ತಲೇ ಇರುತ್ತದೆ. ಮುಂದೆ ದಾರಿಯಿಲ್ಲದ ಆ ಗಾಳಿ ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ಕಡೆಗೇ ಮರಳಿ ನುಗ್ಗುತ್ತದೆ. ಇದೇ ಕಂಪ್ರೆಸರ್ ಸರ್ಜ್. "ಸ್ತುತುತುತು" ಎಂದು ಕೇಳುವ ಸದ್ದು ಅದರದ್ದೇ. ಇದನ್ನು ತಪ್ಪಿಸಲು ಥ್ರಾಟಲ್‌ಗೆ ಮುಂಚೆ ಒಂದು ವಾಲ್ವ್ ಇಟ್ಟಿರುತ್ತಾರೆ. ಹೊರಬಂದ ಗಾಳಿಯನ್ನು ಟರ್ಬೊದ ಬಾಯಿಗೇ ಮರಳಿಸಿದರೆ ಅದು ಡೈವರ್ಟರ್ ವಾಲ್ವ್; ಬಯಲಿಗೆ ಬಿಟ್ಟರೆ ಜನ ಬ್ಲೋ-ಆಫ್ ವಾಲ್ವ್ ಎನ್ನುತ್ತಾರೆ. ಕಂಪನಿಯಿಂದ ಬರುವ ಕಾರುಗಳಲ್ಲಿ ಇರುವುದು ಹೆಚ್ಚಾಗಿ ಮೊದಲನೆಯದು.

ಹಳೆಯ ಬಗೆಯ ವಾಲ್ವ್‌ನೊಳಗೆ ಒಂದು ಡಯಾಫ್ರಂ (ತೆಳು ರಬ್ಬರ್ ಪರದೆ) ಅಥವಾ ಪಿಸ್ಟನ್, ಅದರ ಬೆನ್ನಿಗೆ ಸ್ಪ್ರಿಂಗ್. ಮೇಲಿನ ಕೋಣೆಗೆ ಥ್ರಾಟಲ್ ಆಚೆಗಿನ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಸಣ್ಣ ಹೋಸ್ ಬರುತ್ತದೆ. ಬೂಸ್ಟ್ ಇರುವಾಗ ಮೇಲೆ ಕೆಳಗೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಒತ್ತಡ, ಸ್ಪ್ರಿಂಗ್ ಮುಚ್ಚಿಟ್ಟಿರುತ್ತದೆ. ಕಾಲೆತ್ತಿದ ಕ್ಷಣ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹುಟ್ಟಿ ಮೇಲಕ್ಕೆ ಎಳೆಯುತ್ತದೆ, ವಾಲ್ವ್ ತೆರೆಯುತ್ತದೆ. 1.8 ಟಿಎಸ್ಐಯಲ್ಲಿ ಆ ಸಣ್ಣ ಹೋಸ್ ಇಲ್ಲ. ಎನ್249 ಎಂಬ ವಿದ್ಯುತ್ ವಾಲ್ವ್ ಟರ್ಬೊದ ಮೈಗೇ ಮೂರು ಸ್ಕ್ರೂಗಳಲ್ಲಿ ಕೂತಿದ್ದು, ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಹೇಳಿದಾಗ ತೆರೆಯುತ್ತದೆ.

ಡೀಸೆಲ್ ಕಾರಿನವರು ಇಲ್ಲಿಯೇ ಒಂದು ಮಾತು ಗಮನಿಸಿ. ಡೀಸೆಲ್ ಎಂಜಿನ್ ವೇಗವನ್ನು ಥ್ರಾಟಲ್ ಮುಚ್ಚಿ ನಿಯಂತ್ರಿಸುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಈ ವಾಲ್ವ್ ಇರುವುದೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಡೀಸೆಲ್ ಕಾರಿಗೂ "ಬ್ಲೋ-ಆಫ್" ಎಂದು ಮಾರುವುದು, ಸೈಲೆನ್ಸರ್ ಬಾಯಿಗೆ ತುರುಕುವ ಸೀಟಿ, ಎಲ್ಲ ಸದ್ದಿನ ಆಟಿಕೆ. ಪೆಟ್ರೋಲ್‌ನಲ್ಲೂ ಎಲೆಕ್ಟ್ರಿಕ್ ವೇಸ್ಟ್‌ಗೇಟ್ (ಟರ್ಬೊದ ಎಕ್ಸಾಸ್ಟ್ ಬದಿಯ ಬಾಗಿಲು, ವಿವರ ಹಂತ 6ರಲ್ಲಿ) ಇರುವ ಕೆಲವು ಹೊಸ ಸಣ್ಣ ಎಂಜಿನ್‌ಗಳಲ್ಲಿ ಪ್ರತ್ಯೇಕ ವಾಲ್ವ್ ಇಟ್ಟಿರುವುದಿಲ್ಲ. ಇಲ್ಲದ ವಾಲ್ವ್ ಹುಡುಕುತ್ತಾ ಬಂಪರ್ ಬಿಚ್ಚಬೇಡಿ. ನಿಮ್ಮ ಎಂಜಿನ್ ಕೋಡ್ ಹಿಡಿದು ಬಿಡಿಭಾಗಗಳ ಪಟ್ಟಿ ನೋಡಿಕೊಳ್ಳಿ.

ಹಂತ 1: ಲಕ್ಷಣ ಬರೆದಿಡಿ

ಯಾವಾಗ, ಯಾವ ಗೇರ್‌ನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಎಂದು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ "ಸ್ಸ್ಸ್" ಎಂದು ಗಾಳಿಯ ಸದ್ದು, ಜೊತೆಗೆ ಪಿಕಪ್ ಇಲ್ಲ ಎಂದಾದರೆ ಟರ್ಬೊ ಆದಮೇಲೆ ಎಲ್ಲೋ ಸೋರಿಕೆ. ಕಾಲೆತ್ತಿದಾಗ ತುತುತು ಸದ್ದು ಬಂದರೆ ವಾಲ್ವ್ ತೆರೆಯುತ್ತಿಲ್ಲ ಅಥವಾ ತಡವಾಗಿ ತೆರೆಯುತ್ತಿದೆ. ಸ್ವಲ್ಪವೇ ಒತ್ತಿ ಬಿಟ್ಟಾಗ ಮಾತ್ರ ಕೇಳುವ ಮೆದು ತುತುತು, ಅದೂ ಬಿಗಿ ಸ್ಪ್ರಿಂಗ್‌ನ ವಾಲ್ವ್ ಹಾಕಿದ ಕಾರಿನಲ್ಲಿ, ಅಷ್ಟೇನೂ ತಲೆಕೆಡಿಸಿಕೊಳ್ಳುವ ಸಂಗತಿಯಲ್ಲ. ಜೋರು ವೇಗವರ್ಧನೆಯ ನಡುವೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಶಕ್ತಿ ಕಡಿತವಾಗಿ, ಇಗ್ನಿಷನ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋದರೆ ಅದು ಲಿಂಪ್ ಮೋಡ್, ಅಂದರೆ ಎಂಜಿನ್ ಉಳಿಸಲು ಇಸಿಯು ತಾನೇ ಶಕ್ತಿ ತಗ್ಗಿಸಿರುವುದು. ಬೂಸ್ಟ್ ಹೆಚ್ಚಾಗಿಯೂ ಹೀಗಾಗಬಹುದು, ಕಡಿಮೆಯಾಗಿಯೂ ಆಗಬಹುದು. ಪೊಲೀಸ್ ಸೈರನ್ ಹಾಗೆ ಏರುವ ಕೂಗು, ನೀಲಿ ಹೊಗೆ ಎರಡೂ ಇದ್ದರೆ ಮಾತ್ರ ಟರ್ಬೊ ಬೇರಿಂಗ್ ಮೇಲೆ ಅನುಮಾನ ಪಡಿ.

ಇನ್ನೊಂದು ಗೊಂದಲ: ಸವೆದ ಸ್ಪಾರ್ಕ್ ಪ್ಲಗ್. ಬೂಸ್ಟ್ ಏರಿದಾಗ ಸಿಲಿಂಡರ್ ಒತ್ತಡ ಹೆಚ್ಚಿ ಪ್ಲಗ್‌ನ ಗ್ಯಾಪ್ ದಾಟಲು ಕಿಡಿಗೆ ಕಷ್ಟವಾಗುತ್ತದೆ, ಕಾರು ಜರ್ಕ್ ಹೊಡೆಯುತ್ತದೆ. ಇದನ್ನು ಬೂಸ್ಟ್ ತೊಂದರೆ ಎಂದುಕೊಂಡು ವಾಲ್ವ್ ಬದಲಿಸಿದವರು ಬೇಕಾದಷ್ಟು ಮಂದಿ. ಪ್ಲಗ್ ಬದಲಿಸುವ ಅವಧಿ ದಾಟಿದ್ದರೆ ಅದನ್ನು ಮೊದಲು ಮುಗಿಸಿ.

ಹಂತ 2: ಸ್ಕ್ಯಾನರ್ ಮತ್ತು ಊರಿನ ಎತ್ತರ

ಕಾರಿನ ಡಯಾಗ್ನೊಸ್ಟಿಕ್ ಸಾಕೆಟ್‌ಗೆ ಚುಚ್ಚಿ ಫೋನಿನಲ್ಲಿ ದೋಷದ ಕೋಡ್ ಓದುವ ಅಗ್ಗದ ಓಬಿಡಿ ಬ್ಲೂಟೂತ್ ಡಾಂಗಲ್ ಸಾಕು. ಪಿ0299 ಎಂದರೆ ಬೂಸ್ಟ್ ಕಡಿಮೆ, ಪಿ0234 ಎಂದರೆ ಹೆಚ್ಚು. ಪಿ2261 ಬೈಪಾಸ್ (ಅಂದರೆ ಡೈವರ್ಟರ್) ವಾಲ್ವ್‌ನ ಯಾಂತ್ರಿಕ ದೋಷ, ಪಿ0033 ಅದರ ವಿದ್ಯುತ್ ಸರ್ಕ್ಯೂಟ್, ಪಿ0243 ವೇಸ್ಟ್‌ಗೇಟ್ ನಡೆಸುವ ವಿದ್ಯುತ್ ವಾಲ್ವ್, ಅಂದರೆ ಸೊಲೆನಾಯ್ಡ್. ಕೋಡ್ ಎಂಬುದು ದೂರು, ತೀರ್ಪಲ್ಲ. ಪಿ0299 ಬಂದರೆ ಟರ್ಬೊ ಬದಲಿಸಿ ಎಂದು ಎಲ್ಲೂ ಬರೆದಿಲ್ಲ. ಕೇಳಿದಷ್ಟು ಒತ್ತಡ ಸಿಗಲಿಲ್ಲ ಎಂದಷ್ಟೇ ಇಸಿಯು ಹೇಳುತ್ತಿದೆ.

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಎಂಎಪಿ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ) ಸೆನ್ಸರ್ ಓದು ನೋಡಿ. ಅದು ನಿಮ್ಮ ಊರಿನ ವಾತಾವರಣದ ಒತ್ತಡ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ ನಿಂತ ಕಾರು 101 ತೋರಿಸಿದರೆ ಅಥವಾ 80 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಇದೇ ಓದು ಇನ್ನೊಂದು ತಪ್ಪು ಲೆಕ್ಕವನ್ನೂ ತಪ್ಪಿಸುತ್ತದೆ. ಎಂಎಪಿ ತೋರಿಸುವುದು ಒಟ್ಟು ಒತ್ತಡ. 160 ಕಿಲೋಪ್ಯಾಸ್ಕಲ್ ಕಂಡರೆ ಬೂಸ್ಟ್ 1.6 ಬಾರ್ ಅಲ್ಲ; ಅದರಲ್ಲಿ ಬೆಂಗಳೂರಿನ 91 ಕಳೆದರೆ ಉಳಿಯುವ 69, ಅಂದರೆ ಸುಮಾರು 0.7 ಬಾರ್, ಅಥವಾ 10 ಪಿಎಸ್ಐ. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ನಿರ್ವಾತದ ಮಾಪನವೂ ಎತ್ತರಕ್ಕೆ ತಕ್ಕಂತೆ ಇಳಿಯುತ್ತದೆ: ಪ್ರತಿ 1000 ಅಡಿಗೆ ಸುಮಾರು ಒಂದು ಇಂಚು ಪಾದರಸ. ಕರಾವಳಿಯಲ್ಲಿ 20 ಇಂಚು ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 17 ತೋರಿಸಿದರೆ ಅದು ಆರೋಗ್ಯವಾಗಿಯೇ ಇದೆ. ಹೊರಗಿನಿಂದ ಕೊಂಡು ಹಾಕುವ ಬ್ಲೋ-ಆಫ್ ವಾಲ್ವ್‌ಗೆ ಸ್ಪ್ರಿಂಗ್ ಆರಿಸುವುದು ಈ ಐಡಲ್ ನಿರ್ವಾತ ನೋಡಿಯೇ, ಹಾಗಾಗಿ ಬೇರೆ ದೇಶದವರ ಲೆಕ್ಕವನ್ನು ಹಾಗೇ ನಕಲು ಮಾಡಬೇಡಿ.

ಹಂತ 3: ಕಣ್ಣು, ಕೈ, ಟಾರ್ಚ್

ಎಂಜಿನ್ ಪೂರ್ತಿ ತಣ್ಣಗಾಗಲಿ. ಟರ್ಬೊದ ಎಕ್ಸಾಸ್ಟ್ ಭಾಗ ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ, ರೇಡಿಯೇಟರ್ ಫ್ಯಾನ್ ಇಗ್ನಿಷನ್ ಆಫ್ ಆದಮೇಲೂ ತಿರುಗಬಹುದು.

ಏರ್ ಫಿಲ್ಟರ್ ಬಾಕ್ಸ್‌ನಿಂದ ಶುರುಮಾಡಿ ಗಾಳಿ ಹೋಗುವ ದಾರಿಯಲ್ಲೇ ಸಾಗಿ: ಫಿಲ್ಟರ್, ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇದ್ದರೆ ಅದು, ಟರ್ಬೊಗೆ ಹೋಗುವ ಹೋಸ್, ಟರ್ಬೊ, ಇಂಟರ್‌ಕೂಲರ್‌ಗೆ ಹೋಗುವ ಪೈಪ್, ಇಂಟರ್‌ಕೂಲರ್ (ಬಿಸಿಯಾದ ಗಾಳಿ ತಣಿಸುವ ಜಾಲರಿ), ಅಲ್ಲಿಂದ ಥ್ರಾಟಲ್. ಪ್ರತಿ ಜಾಯಿಂಟ್ ಕೈಯಿಂದ ಅಲ್ಲಾಡಿಸಿ. ಹೋಸ್‌ನ ಅಡಿಭಾಗ ಸವರಿ ನೋಡಿ. ಬಿರುಕು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ. ಜಾಯಿಂಟ್ ಸುತ್ತ ಎಣ್ಣೆ ಮೆತ್ತಿದ ಧೂಳು ಇದ್ದರೆ ಅಲ್ಲಿಂದ ಗಾಳಿ ಹೊರಬರುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ಪೈಪ್‌ನೊಳಗೆ ತೆಳುವಾದ ಎಣ್ಣೆ ಪಸೆ ಸಹಜ, ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಸಹಜವಲ್ಲ.

ನಮ್ಮ ಕಡೆ ಇಲಿಯ ವಿಷಯ ಬಿಡುವಂತಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬರುವ ಇಲಿ ಹೆಗ್ಗಣಗಳಿಗೆ 4 ಮಿಲಿಮೀಟರ್‌ನ ವ್ಯಾಕ್ಯೂಮ್ ಹೋಸ್ ಅಚ್ಚುಮೆಚ್ಚು. ಕಚ್ಚಿದ ಗುರುತು, ಹಿಕ್ಕೆ ಕಂಡರೆ ಆ ಸಣ್ಣ ಹೋಸ್‌ಗಳನ್ನೆಲ್ಲ ಒಂದೊಂದಾಗಿ ಬೆರಳಲ್ಲಿ ಹಿಡಿದು ಪರೀಕ್ಷಿಸಿ.

ಹಂತ 4: ಸೋಪಿನ ನೀರಿನ ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಬೇಕಾದ್ದು: ಟರ್ಬೊದ ಬಾಯಿಗೆ ಹೋಗುವ ಹೋಸ್‌ಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪ್ (63 ಅಥವಾ 75 ಮಿಲಿಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅಳತೆ ತೆಗೆದುಕೊಂಡು ಹೋಗಿ), ಪಂಕ್ಚರ್ ಅಂಗಡಿಯಿಂದ ಒಂದು ಟ್ಯೂಬ್‌ಲೆಸ್ ವಾಲ್ವ್, ಒಳ್ಳೆಯ ಹೋಸ್ ಕ್ಲಿಪ್, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ. ಕ್ಯಾಪ್ ನಡುವೆ 11.5 ಮಿಲಿಮೀಟರ್ ತೂತು ಕೊರೆದು ವಾಲ್ವ್ ಎಳೆದು ಕೂರಿಸಿ.

ಎಂಎಎಫ್ ಸೆನ್ಸರ್ ದಾಟಿದ ನಂತರದ ಹೋಸ್ ಬಿಚ್ಚಿ ಕ್ಯಾಪ್ ಹಾಕಿ ಬಿಗಿ ಮಾಡಿ. ಕ್ರ್ಯಾಂಕ್‌ಕೇಸ್‌ನಿಂದ ಈ ಹೋಸ್‌ಗೆ ಬಂದು ಸೇರುವ ಬ್ರೀದರ್ ಪೈಪನ್ನು ಬಿಚ್ಚಿ, ಹೋಸ್ ಕಡೆಯ ತೂತನ್ನು ಮುಚ್ಚಿ. ಇಲ್ಲದಿದ್ದರೆ ಗಾಳಿ ಎಂಜಿನ್ ಒಳಗೆ ತುಂಬಿ ಆಯಿಲ್ ಸೀಲ್‌ಗಳ ಮೇಲೆ ಬೀಳುತ್ತದೆ. ಈಗ ಗಾಳಿ ತುಂಬಿ. ಮೊದಲು 5 ಪಿಎಸ್ಐ, ಆಮೇಲೆ 10. ನಿಮ್ಮ ಕಾರಿನ ಕಂಪನಿ ಬೂಸ್ಟ್ ಮೀರಿ ಹೋಗುವ ಅಗತ್ಯವಿಲ್ಲ. ಕಾರಿಗೆ ಕೊಡುವ ಸಣ್ಣ 12 ವೋಲ್ಟ್ ಟೈರ್ ಪಂಪ್ ನಿಧಾನವಾದರೂ ಸುರಕ್ಷಿತ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕ್‌ನಲ್ಲಿ 100 ಪಿಎಸ್ಐಗಿಂತ ಹೆಚ್ಚಿರುತ್ತದೆ, ರೆಗ್ಯುಲೇಟರ್ ಇಲ್ಲದೆ ಅದನ್ನು ನೇರ ಹಚ್ಚಲೇಬೇಡಿ. ಕ್ಯಾಪ್ ಎದುರಿಗೆ ಮುಖ ಇಡಬೇಡಿ. ಜಾರಿದರೆ ಅದು ಗುಂಡಿನಂತೆ ಹಾರುತ್ತದೆ.

ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹೊಡೆಯುತ್ತಾ ಹೋಗಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತುದಿ ಅಲ್ಯೂಮಿನಿಯಂಗೆ ಸೇರುವ ಅಂಚು, ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಇಂಜೆಕ್ಟರ್ ಬುಡ, ಬೂಸ್ಟ್ ಸೆನ್ಸರ್‌ನ ಓ-ರಿಂಗ್ ಮರೆಯಬೇಡಿ. ಸೈಲೆನ್ಸರ್‌ನಲ್ಲಿ ಗಾಳಿ ಕೇಳಿಸಿದರೆ ಯಾವುದೋ ಸಿಲಿಂಡರ್‌ನ ಇಂಟೇಕ್, ಎಕ್ಸಾಸ್ಟ್ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿವೆ ಎಂದರ್ಥ. ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಸ್ವಲ್ಪ ತಿರುಗಿಸಿ.

ಇಲ್ಲೊಂದು ಬಲೆ ಇದೆ, ಬಹಳ ಜನ ಇದರಲ್ಲಿ ಬೀಳುತ್ತಾರೆ. ಡೈವರ್ಟರ್ ವಾಲ್ವ್ ಸೋರುವುದು ಹೊರಗಡೆಗಲ್ಲ, ಟರ್ಬೊದ ಒತ್ತಡದ ಬದಿಯಿಂದ ಅದರ ಬಾಯಿಯ ಬದಿಗೆ. ನೀವು ಟರ್ಬೊದ ಬಾಯಿಯಿಂದ ಗಾಳಿ ತುಂಬಿದಾಗ ವಾಲ್ವ್‌ನ ಎರಡೂ ಬದಿಗೆ ಒಂದೇ ಒತ್ತಡ. ಹಾಗಾಗಿ ಡಯಾಫ್ರಂ ಹರಿದುಹೋಗಿದ್ದರೂ ಒಂದು ಗುಳ್ಳೆಯೂ ಏಳುವುದಿಲ್ಲ. "ಲೀಕ್ ಟೆಸ್ಟ್ ಪಾಸ್ ಆಯ್ತು, ಟರ್ಬೊನೇ ಹೋಗಿರೋದು" ಎಂಬ ತೀರ್ಮಾನ ಹುಟ್ಟುವುದು ಇಲ್ಲಿಂದಲೇ. ವಾಲ್ವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಹಂತ 5: ವಾಲ್ವ್ ಬಿಚ್ಚಿ ನೋಡಿ

ಹೋಸ್‌ನಿಂದ ಕೆಲಸ ಮಾಡುವ ವಾಲ್ವ್ ಆದರೆ ಸುಲಭ. ಹೊರತೆಗೆದು, ಪಿಸ್ಟನ್ ಅಥವಾ ಡಯಾಫ್ರಂ ಬೆರಳಿಂದ ಮೇಲಕ್ಕೆ ಒತ್ತಿ, ಹೋಸ್ ಸೇರುವ ನಳಿಕೆಯನ್ನು ಇನ್ನೊಂದು ಬೆರಳಿಂದ ಮುಚ್ಚಿ. ಈಗ ಒತ್ತಿದ ಬೆರಳು ತೆಗೆದರೆ ಅದು ಮೇಲೆಯೇ ನಿಲ್ಲಬೇಕು. ನಿಧಾನಕ್ಕೆ ಇಳಿದು ಬಂದರೆ ಡಯಾಫ್ರಂ ಹರಿದಿದೆ. ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು: ಎಳೆದ ನಿರ್ವಾತ ಒಂದು ನಿಮಿಷ ಇಳಿಯದೆ ನಿಲ್ಲಬೇಕು.

ಎನ್249 ಬಗೆಯದಕ್ಕೆ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗಿನಿಂದ ಕೈ ಹಾಕಬೇಕಾಗುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಹೊರತೆಗೆದ ವಾಲ್ವ್‌ನ ರಬ್ಬರ್ ಡಯಾಫ್ರಂ ಅಂಚನ್ನು ಬೆಳಕಿಗೆ ಹಿಡಿದು ಸುತ್ತ ನೋಡಿ. ಹಳೆಯ ಆವೃತ್ತಿಗಳಲ್ಲಿ ಈ ತೆಳು ರಬ್ಬರ್ ಹರಿಯುವುದು ಹೆಸರುವಾಸಿ ದೋಷ. ಕಂಪನಿ ನಂತರ ಪಿಸ್ಟನ್ ಮಾದರಿಯ ವಾಲ್ವ್ ತಂದಿತು. ಬಿಚ್ಚಿದ ಎನ್249ರ ತಂತಿಗಳಿಗೆ ಕ್ಷಣಮಾತ್ರ 12 ವೋಲ್ಟ್ ಮುಟ್ಟಿಸಿದರೆ "ಟಕ್" ಎಂದು ಚುರುಕಾಗಿ ಎಳೆದುಕೊಳ್ಳಬೇಕು. ಸದ್ದು ಬಂದ ಮಾತ್ರಕ್ಕೆ ಪಾಸ್ ಅಲ್ಲ, ರಬ್ಬರ್ ಹರಿದಿದ್ದರೂ ಟಕ್ ಎನ್ನುತ್ತದೆ. ಎರಡನ್ನೂ ನೋಡಿ.

ವಾಲ್ವ್ ಚೆನ್ನಾಗಿದ್ದೂ ತುತುತು ನಿಲ್ಲದಿದ್ದರೆ ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ಹೋಸ್ ನೋಡಿ. ಬಿಸಿಗೆ ಮೆತ್ತಗಾಗಿ ನಿರ್ವಾತಕ್ಕೆ ಚಪ್ಪಟೆಯಾಗುತ್ತಿರಬಹುದು, ಅಥವಾ ಬೂಸ್ಟ್ ಗೇಜ್, ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಎಲ್ಲಕ್ಕೂ ಟಿ-ಜಾಯಿಂಟ್ ಹಾಕಿ ಒಂದೇ ಹೋಸ್ ಹಂಚಿರಬಹುದು. ಈ ವಾಲ್ವ್‌ಗೆ ಪ್ರತ್ಯೇಕ, ಗಿಡ್ಡ, ಗಟ್ಟಿ ಹೋಸ್ ಬೇಕು.

ಹಂತ 6: ವೇಸ್ಟ್‌ಗೇಟ್

ಎಷ್ಟು ಎಕ್ಸಾಸ್ಟ್ ಟರ್ಬೈನ್ ಮೇಲೆ ಹೋಗಬೇಕು, ಎಷ್ಟು ಪಕ್ಕಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಬಾಗಿಲಿದು. ಇದನ್ನೂ ಬ್ಲೋ-ಆಫ್ ವಾಲ್ವನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಒಂದು ಎಕ್ಸಾಸ್ಟ್ ಕಡೆ, ಇನ್ನೊಂದು ಇಂಟೇಕ್ ಕಡೆ.

ಆ ಬಾಗಿಲನ್ನು ಸರಳಿನಿಂದ ನಡೆಸುವ ಆಕ್ಚುಯೇಟರ್ ಎರಡು ಬಗೆ, ಮತ್ತು ಹೋಸ್ ಹರಿದರೆ ಎರಡರ ಫಲ ತದ್ವಿರುದ್ಧ. ಒತ್ತಡದಿಂದ ತೆರೆಯುವ ಬಗೆಯಲ್ಲಿ (ಹಳೆಯ 1.8 ಟಿಎಸ್ಐಯ ಎನ್75 ಸೊಲೆನಾಯ್ಡ್ ನಡೆಸುವುದು ಇದನ್ನೇ) ಹೋಸ್ ಕಿತ್ತುಹೋದರೆ ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರಿ ಪಿ0234 ಬರುತ್ತದೆ. ನಿರ್ವಾತದಿಂದ ಮುಚ್ಚಿ ಹಿಡಿಯುವ ಬಗೆಯಲ್ಲಿ, ಅನೇಕ ಡೀಸೆಲ್‌ಗಳಲ್ಲಿ ಇರುವಂತೆ, ಅದೇ ಹೋಸ್ ಸೋರಿದರೆ ಬೂಸ್ಟ್ ಏಳುವುದೇ ಇಲ್ಲ. ನಿಮ್ಮದು ಯಾವ ಬಗೆ ಎಂದು ತಿಳಿಯದೆ ಕೋಡ್ ಓದಿ ಪ್ರಯೋಜನವಿಲ್ಲ. ಬೂಸ್ಟ್ ಮಿತಿ ಮೀರುತ್ತಿರುವ ಕಾರನ್ನು ಜೋರಾಗಿ ಓಡಿಸಿ ನೋಡುವ ಆಸೆ ಬೇಡ, ಪಿಸ್ಟನ್‌ಗೇ ಕುತ್ತು.

ಕೈ ಪಂಪ್‌ನಿಂದ ಆಕ್ಚುಯೇಟರ್‌ಗೆ ಅದರ ಬಗೆಗೆ ತಕ್ಕಂತೆ ಒತ್ತಡ ಅಥವಾ ನಿರ್ವಾತ ಕೊಡಿ. ಸರಳು ಸಲೀಸಾಗಿ ಚಲಿಸಬೇಕು, ಹಿಡಿದಲ್ಲಿ ನಿಲ್ಲಬೇಕು. 1.8 ಟಿಎಸ್ಐನಲ್ಲಿ ಸರಳಿನ ಕೊಂಡಿ ಸವೆದು ಐಡಲ್‌ನಲ್ಲಿ ಗಲಗಲ ಸದ್ದು ಬರುವುದು ಸಾಮಾನ್ಯ; ಸವೆತ ಹೆಚ್ಚಾದರೆ ಬಾಗಿಲು ಪೂರ್ತಿ ಕೂರದೆ ಬೂಸ್ಟ್ ತಡವಾಗಿ ಏರುತ್ತದೆ. 2013ರ ನಂತರದ ಆಕ್ಟೇವಿಯಾದಲ್ಲಿ ಎಲೆಕ್ಟ್ರಿಕ್ ಆಕ್ಚುಯೇಟರ್ ಇದೆ. ಅದನ್ನು ಕೈಯಿಂದ ಹೊಂದಿಸಲು ಹೋಗಬೇಡಿ, ಸ್ಕ್ಯಾನರ್‌ನಿಂದ ಬೇಸಿಕ್ ಸೆಟ್ಟಿಂಗ್ (ಇಸಿಯುಗೆ ಅದರ ಸ್ಥಾನ ಕಲಿಸುವುದು) ಮಾಡಬೇಕು.

ಹಂತ 7: ಲಾಗ್ ಓದುವುದು

ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಆರ್‌ಪಿಎಂ, ಥ್ರಾಟಲ್, ವೇಸ್ಟ್‌ಗೇಟ್ ಡ್ಯೂಟಿ (ವೇಸ್ಟ್‌ಗೇಟ್ ಮುಚ್ಚಿಡಲು ಇಸಿಯು ಕೊಡುವ ಆಜ್ಞೆಯ ಶೇಕಡಾವಾರು), ಒಳಗಾಳಿಯ ಉಷ್ಣತೆ ಇಷ್ಟನ್ನೂ ಒಟ್ಟಿಗೆ ದಾಖಲಿಸಿ. ಡೈನೊ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಅಳೆಯುವ ಯಂತ್ರ) ಸಿಕ್ಕರೆ ಅದೇ ಉತ್ತಮ. ಇಲ್ಲವಾದರೆ ವಾಹನ ಸಂಚಾರವಿಲ್ಲದ ನೇರ ಏರು ರಸ್ತೆ. ಏರಿನಲ್ಲಿ ವೇಗ ಹೆಚ್ಚದೆಯೇ ಎಂಜಿನ್ ಮೇಲೆ ಭಾರ ಬೀಳುತ್ತದೆ. ಲ್ಯಾಪ್‌ಟಾಪ್ ಪಕ್ಕದವರ ಕೈಯಲ್ಲಿರಲಿ.

ಡ್ಯೂಟಿ ಗರಿಷ್ಠಕ್ಕೆ ಏರಿದ್ದೂ ಸಿಕ್ಕ ಬೂಸ್ಟ್ ಕೆಳಗೇ ಉಳಿದರೆ ಸೋರಿಕೆ, ಹರಿದ ವಾಲ್ವ್, ಅಥವಾ ಮುಚ್ಚದ ವೇಸ್ಟ್‌ಗೇಟ್. ಡ್ಯೂಟಿ ತಳ ಮುಟ್ಟಿದ್ದೂ ಬೂಸ್ಟ್ ಮೇಲಿದ್ದರೆ ವೇಸ್ಟ್‌ಗೇಟ್ ತೆರೆಯುತ್ತಿಲ್ಲ. ಕೇಳಿದ ಬೂಸ್ಟೇ ಕಡಿಮೆಯಿದ್ದರೆ ತೊಂದರೆ ಬೇರೆ ಕಡೆ: ಎಂಜಿನ್ ನಾಕ್ ಆಗುತ್ತಿರಬಹುದು (ಇಂಧನ ಅಕಾಲದಲ್ಲಿ ಸಿಡಿಯುವುದು), ಒಳಗಾಳಿ ಬಿಸಿಯಾಗಿರಬಹುದು. ರಾಯಚೂರು, ಕಲಬುರಗಿಯ ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿಯ ಮಧ್ಯಾಹ್ನ ಕಾರು ಮಂಕಾಗುವುದು ರೋಗವಲ್ಲ, ಇಸಿಯು ಎಂಜಿನ್ ಉಳಿಸಿಕೊಳ್ಳುತ್ತಿದೆ.

ಎಂಎಎಫ್ ಇರುವ ಕಾರಿನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚಿಸಿದೆ, ಎಷ್ಟು ತಗ್ಗಿಸಿದೆ ಎಂಬ ಲೆಕ್ಕ; ಪ್ಲಸ್ ಎಂದರೆ ಹೆಚ್ಚು) ಸೋರಿಕೆಯ ಜಾಗವನ್ನೇ ಹೇಳುತ್ತದೆ. ಸೆನ್ಸರ್ ಮತ್ತು ಟರ್ಬೊ ನಡುವೆ ತೂತಿದ್ದರೆ ಅಳೆಯದ ಗಾಳಿ ಒಳಬಂದು ಟ್ರಿಮ್ ಸದಾ ಪ್ಲಸ್ ಕಡೆಗೆ. ಟರ್ಬೊ ಮತ್ತು ಥ್ರಾಟಲ್ ನಡುವೆ ಇದ್ದರೆ ಐಡಲ್‌ನಲ್ಲಿ ಎಲ್ಲ ಸರಿ, ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಹೋಗಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ. ಥ್ರಾಟಲ್ ಆಚೆಗೆ ಇದ್ದರೆ ಐಡಲ್‌ನಲ್ಲಿ ಪ್ಲಸ್, ಬೂಸ್ಟ್‌ನಲ್ಲಿ ಮೈನಸ್. ಎಂಎಪಿ ಮಾತ್ರ ಇರುವ ಕಾರಿನಲ್ಲಿ ಟರ್ಬೊ ಮತ್ತು ಥ್ರಾಟಲ್ ನಡುವಿನ ಸೋರಿಕೆ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದು, ಬೂಸ್ಟ್ ನಿಧಾನಕ್ಕೆ ಏರುವುದಷ್ಟೇ ಸುಳಿವು.

ಬಯಲಿಗೆ ಬಿಡುವ ಬ್ಲೋ-ಆಫ್ ವಾಲ್ವ್ ಎಂಎಎಫ್ ಕಾರಿಗೆ ಯಾಕೆ ಹೊಂದುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅಳೆದು ಲೆಕ್ಕಕ್ಕೆ ಹಿಡಿದ ಗಾಳಿಯನ್ನು ಪ್ರತಿ ಗೇರ್ ಬದಲಾವಣೆಗೂ ಹೊರಗೆ ಚೆಲ್ಲಿದರೆ, ಇಸಿಯು ಇಲ್ಲದ ಗಾಳಿಗೆ ಪೆಟ್ರೋಲ್ ಹಾಕುತ್ತದೆ. ಸಿಗ್ನಲ್ ಹತ್ತಿರ ಬಂದಾಗ ಎಂಜಿನ್ ಆಫ್ ಆಗುವುದು, ಸೈಲೆನ್ಸರ್‌ನಲ್ಲಿ ಪಟಪಟ, ಕೊನೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು. ಇಂಥ ಕಾರು ಕೊಂಡಿದ್ದರೆ ಮೊದಲ ರಿಪೇರಿ ಕಂಪನಿ ವಾಲ್ವ್ ಮರಳಿ ಹಾಕುವುದು. ಶಕ್ತಿಯಂತೂ ಆ ಸದ್ದಿನಿಂದ ಒಂದಿಷ್ಟೂ ಹೆಚ್ಚುವುದಿಲ್ಲ.

ಟರ್ಬೊವನ್ನು ಯಾವಾಗ ದೂರಬೇಕು

ಮೇಲಿನದೆಲ್ಲ ಸರಿ ಇದ್ದಾಗ. ಟರ್ಬೊದ ಬಾಯಿಯ ಹೋಸ್ ತೆಗೆದು ಶಾಫ್ಟ್ ಹಿಡಿದು ನೋಡಿ: ಪಕ್ಕಕ್ಕೆ ಕೊಂಚ ಆಟ ಇರಬಹುದು, ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಇರಬಾರದು. ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಂಡರೆ ತೀರ್ಮಾನವಾಯಿತು. ಅದೂ ಸರಿಯಿದ್ದರೆ ಟರ್ಬೊ ಬಿಚ್ಚಿಸುವ ಮೊದಲು ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ಎಕ್ಸಾಸ್ಟ್ ಹಿಮ್ಮುಖ ಒತ್ತಡ ಅಳೆಸಿ.

ಜೋಡಿಸುವಾಗ

ಹೋಸ್ ಒಳಗಿನ, ಪೈಪ್ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಎಣ್ಣೆ ಪಸೆಯ ಮೇಲೆ ಎಷ್ಟೇ ಬಿಗಿದರೂ ಹೋಸ್ ಮತ್ತೆ ಜಾರುತ್ತದೆ. ಕ್ಲಿಪ್ ಪೈಪ್‌ನ ಉಬ್ಬಿನ ಹಿಂದೆ ಕೂರಬೇಕು, ಮೇಲಲ್ಲ. ಅತಿಯಾಗಿ ಬಿಗಿದರೆ ಸಿಲಿಕಾನ್ ಹೋಸ್ ಕತ್ತರಿಸುತ್ತದೆ. ಬಿಚ್ಚಿದ ಬ್ರೀದರ್ ಪೈಪ್ ಮರಳಿ ಹಾಕಿ, ತೂತಿಗೆ ಇಟ್ಟ ಮುಚ್ಚಳ, ಚಿಂದಿಬಟ್ಟೆ ಯಾವುದೂ ಒಳಗೆ ಉಳಿದಿಲ್ಲ ಎಂದು ಎಣಿಸಿ ಖಚಿತಪಡಿಸಿಕೊಳ್ಳಿ. ಕೋಡ್ ಅಳಿಸಿ, ಮೊದಲ ಕೆಲವು ಕಿಲೋಮೀಟರ್ ಮೆತ್ತಗೆ ಓಡಿಸಿ, ಆಮೇಲೆ ಅದೇ ಏರು ರಸ್ತೆಯಲ್ಲಿ ಇನ್ನೊಂದು ಲಾಗ್ ತೆಗೆದು ಹಳೆಯದರ ಪಕ್ಕ ಇಡಿ. ಕೇಳಿದ ಬೂಸ್ಟ್‌ನ ಗೆರೆಯೂ ಸಿಕ್ಕ ಬೂಸ್ಟ್‌ನ ಗೆರೆಯೂ ಹತ್ತಿರ ಹತ್ತಿರ ಸಾಗುತ್ತಿದ್ದರೆ ಕೆಲಸ ಮುಗಿಯಿತು. ಒಂದೆರಡು ವಾರದ ನಂತರ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ಹೊಸ ಹೋಸ್ ಬಿಸಿ ತಿಂದಮೇಲೆ ಸ್ವಲ್ಪ ಸಡಿಲಾಗುತ್ತದೆ.